ಆಸ್ಪತ್ರೆಯ ಕಾಗದ ಓದೋಣ ಬನ್ನಿ



ಸಂಘದ ಪಾಸ್ ಪುಸ್ತಕದಲ್ಲಿ ಹತ್ತು ರೂಪಾಯಿ ಹೆಚ್ಚುಕಡಿಮೆ ಆದರೆ ನಾವು ಸುಮ್ಮನಿರುವುದಿಲ್ಲ. ಉಳಿತಾಯ ಎಷ್ಟು, ಅಸಲು ಎಷ್ಟು, ಬಡ್ಡಿ ಎಷ್ಟು ಎಂದು ಸಾಲು ಸಾಲಾಗಿ ನೋಡಿ, ಕೇಳಿ, ಸರಿಮಾಡಿಸಿಕೊಂಡ ಮೇಲೇ ಸಹಿ ಹಾಕುತ್ತೇವೆ. ಆದರೆ ಆಸ್ಪತ್ರೆಯಿಂದ ತಂದ ಕಾಗದ? ಮಡಚಿ ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನ ಮೇಲೆ ಇಟ್ಟುಬಿಡುತ್ತೇವೆ. "ಅದೆಲ್ಲಾ ಡಾಕ್ಟರ ಭಾಷೆ, ನಮಗೇನು ಗೊತ್ತಾಗುತ್ತೆ" ಅನ್ನುವ ಮಾತನ್ನು ಸಂಘದ ಸಭೆಗಳಲ್ಲಿ ಎಷ್ಟು ಸಲ ಕೇಳಿಲ್ಲ! ಆ ಕಾಗದದಲ್ಲಿ ಇರುವುದು ನಮ್ಮದೇ ದೇಹದ ಲೆಕ್ಕ. ಡಾಕ್ಟರ ಭಾಷೆಯಲ್ಲಿ ಸಾವಿರಾರು ಪದಗಳಿರಬಹುದು. ನಮ್ಮಂಥ ಮನೆಗಳಿಗೆ ಬರುವ ಚೀಟಿಗಳಲ್ಲಿ ತಿರುಗಿ ತಿರುಗಿ ಕಾಣುವುದು ಮೂವತ್ತು ನಲವತ್ತು ಮಾತ್ರ. ಅವೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತವೆ ನಿಜ. ಅಕ್ಷರ ಓದಿ ಹೇಳಲು ಶಾಲೆಗೆ ಹೋಗುವ ಮಗಳಿದ್ದಾಳೆ, ಅರ್ಥ ನಮಗೆ ಗೊತ್ತಿದ್ದರೆ ಸಾಕು.

ಮೊದಲು ಔಷಧಿ ಚೀಟಿ ತೆಗೆದುಕೊಳ್ಳೋಣ. ಮೇಲುಗಡೆ ಆರ್ ಅಕ್ಷರದ ಕಾಲಿಗೆ ಅಡ್ಡಗೀಟು ಹಾಕಿದ ಗುರುತು ಇರುತ್ತದೆ. ಅದು ಲತೀನ್ ಭಾಷೆಯದು, "ತೆಗೆದುಕೋ" ಎಂದು ಅರ್ಥ. ಅದರ ಕೆಳಗಿನ ಸಂಕೇತಗಳಲ್ಲಿ ಹೆಚ್ಚಿನವೂ ಲತೀನಿನವೇ. ಎಪ್ಪತ್ತು ದಾಟಿದ ನಮ್ಮ ಕ್ರೈಸ್ತ ತಾಯಂದಿರಿಗೆ ಚಿಕ್ಕಂದಿನಲ್ಲಿ ಗುಡಿಯಲ್ಲಿ ಕೇಳಿದ ಲತೀನ್ ಪೂಜೆ ನೆನಪಿರಬಹುದು. 1960ರ ದಶಕದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಕನ್ನಡಕ್ಕೆ ಬಂತು. ಔಷಧಿ ಚೀಟಿ ಮಾತ್ರ ಇನ್ನೂ ಲತೀನ್ ಬಿಟ್ಟಿಲ್ಲ!

ಓ.ಡಿ. ಎಂದರೆ ದಿನಕ್ಕೆ ಒಂದು ಸಲ, ಬಿ.ಡಿ. ಎಂದರೆ ಎರಡು ಸಲ, ಟಿ.ಡಿ.ಎಸ್. ಎಂದರೆ ಮೂರು ಸಲ. ಎಚ್.ಎಸ್. ಎಂದಿದ್ದರೆ ರಾತ್ರಿ ಮಲಗುವಾಗ. ಎ.ಸಿ. ಊಟಕ್ಕೆ ಮೊದಲು, ಪಿ.ಸಿ. ಊಟ ಆದ ಮೇಲೆ. ಕೆಲವು ಡಾಕ್ಟರು 1-0-1 ಎಂದು ಬರೆಯುತ್ತಾರೆ: ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಇದು ಎಲ್ಲಕ್ಕಿಂತ ಸುಲಭ, ಎಲ್ಲರೂ ಹೀಗೇ ಬರೆದರೆ ಎಷ್ಟು ಚೆನ್ನಾಗಿತ್ತು. ಕಣ್ಣಿನ ಆಸ್ಪತ್ರೆಯ ಚೀಟಿಯಲ್ಲಿ ಓ.ಡಿ. ಕಂಡರೆ ಅರ್ಥ ಬೇರೆ, ಅಲ್ಲಿ ಅದು ಬಲಗಣ್ಣು, ಓ.ಎಸ್. ಎಂದರೆ ಎಡಗಣ್ಣು. ಹಾಗಾಗಿ ಚೀಟಿ ಎಲ್ಲಿಯದು ಎಂದು ನೋಡದೆ ಅರ್ಥ ಹೇಳಬಾರದು.

ಎಸ್.ಓ.ಎಸ್. ಎಂಬ ಮೂರು ಅಕ್ಷರಗಳ ಬಗ್ಗೆ ಸ್ವಲ್ಪ ನಿಲ್ಲೋಣ. "ಬೇಕಾದರೆ ಮಾತ್ರ" ಎಂದು ಅದರ ಅರ್ಥ. ಜ್ವರ ಬಂದರೆ, ನೋವು ತಡೆಯಲಾಗದಿದ್ದರೆ ಮಾತ್ರ ನುಂಗಬೇಕು. ನಮ್ಮಲ್ಲಿ ಅನೇಕರು ಇದನ್ನೂ ಉಳಿದ ಮಾತ್ರೆಗಳ ಜೊತೆ ದಿನಾ ನುಂಗುತ್ತಾರೆ. ಮುಗಿದರೆ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಮತ್ತೊಂದು ಸ್ಟ್ರಿಪ್ ತರುತ್ತಾರೆ. ಮಂಡಿನೋವಿನ ಮಾತ್ರೆಯನ್ನು ಹೀಗೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು. ಇನ್ನೂ ಅಪಾಯದ್ದು ಮೆಥೋಟ್ರೆಕ್ಸೇಟ್ ಎಂಬ ಮಾತ್ರೆ. ಸಂಧಿವಾತಕ್ಕೆ ಕೊಡುತ್ತಾರೆ. ಅದನ್ನು ನುಂಗಬೇಕಾದದ್ದು ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಸಂಚಕಾರ. ಈ ಮಾತ್ರೆ ಮನೆಯಲ್ಲಿ ಇದ್ದರೆ ಯಾವ ವಾರ ಎಂದು ಸ್ಟ್ರಿಪ್ಪಿನ ಮೇಲೆ ಕನ್ನಡದಲ್ಲಿ ದಪ್ಪಗೆ ಬರೆದಿಡಿ.

ಮಾತ್ರೆಗೆ ಎರಡು ಹೆಸರು: ಕಂಪನಿ ಇಟ್ಟ ಹೆಸರು ಒಂದು, ಔಷಧಿಯ ಮೂಲ ಹೆಸರು ಇನ್ನೊಂದು. ಮೂಲ ಹೆಸರನ್ನೇ ಓದಲು ಬರುವಂತೆ, ಆದಷ್ಟೂ ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದು ವೈದ್ಯರ ನಡತೆ ನಿಯಮಕ್ಕೆ 2016ರಲ್ಲಿ ಸೇರಿಸಲಾಗಿದೆ. ಎರಡು ಬಣ್ಣದ ಸ್ಟ್ರಿಪ್ಪಿನಲ್ಲಿ ಎರಡು ಕಂಪನಿ ಹೆಸರಿದ್ದು, ಒಳಗಿರುವುದು ಒಂದೇ ಪ್ಯಾರಾಸಿಟಮಾಲ್ ಆಗಿರಬಹುದು. ಎರಡನ್ನೂ ನುಂಗಿದರೆ ಡೋಸ್ ಇಮ್ಮಡಿ ಆಯಿತಲ್ಲ!

ಆಸ್ಪತ್ರೆಯಲ್ಲಿ ಉಳಿದು ಬಂದರೆ ಡಿಸ್ಚಾರ್ಜ್ ಸಮ್ಮರಿ ಎಂಬ ಕಾಗದ ಕೊಡುತ್ತಾರೆ. ಅದರಲ್ಲಿ ಸಿ ಗೀಟು ಓ ಎಂದರೆ ನಾವು ಹೇಳಿಕೊಂಡ ತೊಂದರೆ, ಎಚ್ ಗೀಟು ಓ ಎಂದರೆ ಹಿಂದಿನ ಕತೆ, ಓ ಗೀಟು ಇ ಎಂದರೆ ಡಾಕ್ಟರು ಮುಟ್ಟಿ ನೋಡಿ ಕಂಡದ್ದು. ಡಿ.ಎಂ. ಸಕ್ಕರೆ ಕಾಯಿಲೆ, ಎಚ್.ಟಿ.ಎನ್. ಬಿ.ಪಿ. ಕಾಯಿಲೆ. ಎನ್.ಎ.ಡಿ. ಎಂದು ಬರೆದಿದ್ದರೆ ಹೆದರಬೇಡಿ, "ತೊಂದರೆ ಏನೂ ಕಾಣಲಿಲ್ಲ" ಎಂದಷ್ಟೇ. ಅಲರ್ಜಿ ಎಂಬ ಜಾಗವನ್ನು ಮಾತ್ರ ತಪ್ಪದೆ ನೋಡಿ. ಪೆನಿಸಿಲಿನ್ ಅಥವಾ ಸಲ್ಫಾ ಔಷಧಿಯಿಂದ ನಿಮಗೆ ಹಿಂದೆ ಮೈಯೆಲ್ಲಾ ದದ್ದು ಎದ್ದಿದ್ದು, ಅಲ್ಲಿ "ಇಲ್ಲ" ಎಂದು ಬರೆದಿದ್ದರೆ ಅಲ್ಲೇ ಸಿಸ್ಟರಿಗೆ ಹೇಳಿ ತಿದ್ದಿಸಿ.

ಉದ್ದುದ್ದ ಪದಗಳನ್ನು ಕಂಡು ಗಾಬರಿ ಬೇಡ. ಕಬ್ಬಿನ ಗಣ್ಣಿನ ಹಾಗೆ ಅವನ್ನು ಮುರಿದು ನೋಡಬಹುದು. ಪದದ ಮೊದಲು ಹೈಪರ್ ಬಂದರೆ ಹೆಚ್ಚು, ಹೈಪೋ ಬಂದರೆ ಕಡಿಮೆ. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಈ ವ್ಯತ್ಯಾಸ ತಿಳಿದಿರಲೇಬೇಕು. ಹೈಪೋ ಆದಾಗ ರಕ್ತದಲ್ಲಿ ಸಕ್ಕರೆ ಇಳಿದು ಬೆವರು, ನಡುಕ, ಮಂಕು ಬರುತ್ತದೆ. ಎಚ್ಚರ ಇದ್ದರೆ ತಕ್ಷಣ ಸಕ್ಕರೆ ನೀರು ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು. "ಶುಗರ್ ಇದೆಯಲ್ಲಾ, ಸಕ್ಕರೆ ಹೇಗೆ ಕೊಡೋದು" ಎಂದು ಕಾಯುತ್ತಾ ಕೂತರೆ ಕೆಲಸ ಕೆಡುತ್ತದೆ. ಪದದ ಕೊನೆಗೆ ಐಟಿಸ್ ಬಂದರೆ ಉರಿಯೂತ: ಗ್ಯಾಸ್ಟ್ರೈಟಿಸ್ ಹೊಟ್ಟೆಯದು, ಆರ್ಥ್ರೈಟಿಸ್ ಕೀಲಿನದು. ಸ್ಕೋಪಿ ಎಂದರೆ ಒಳಗೆ ಇಣುಕಿ ನೋಡುವುದು. ಎಕ್ಟಮಿ ಎಂದರೆ ಕತ್ತರಿಸಿ ತೆಗೆದುಹಾಕುವುದು.

ಈ ಎಕ್ಟಮಿಗೇ ನಾವು ಬರಬೇಕೆಂದಿದ್ದದ್ದು. ಹಿಸ್ಟರೆಕ್ಟಮಿ ಎಂದರೆ ಗರ್ಭಕೋಶ ತೆಗೆಯುವ ಆಪರೇಷನ್. ಕೆಲವರಿಗೆ ಇದು ನಿಜವಾಗಿ ಬೇಕಾಗುತ್ತದೆ. ಕ್ಯಾನ್ಸರ್ ಆದಾಗ, ಬೇರೆ ಯಾವ ಚಿಕಿತ್ಸೆಗೂ ನಿಲ್ಲದ ರಕ್ತಸ್ರಾವ ಆದಾಗ ಜೀವ ಉಳಿಸುತ್ತದೆ. ಆದರೆ ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೂ "ಬಿಟ್ಟರೆ ಕ್ಯಾನ್ಸರ್ ಆಗುತ್ತೆ" ಎಂದು ಹೆದರಿಸಿ ಆಪರೇಷನ್ ಮಾಡಿದ್ದುಂಟು. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳಿಗೆ ಹೀಗಾದದ್ದು 2015ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ಮಾಡಿತು. ಅದನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಸ್ಕ್ಯಾನಿಂಗ್ ವರದಿಯಲ್ಲಿ "ಬಲ್ಕಿ ಯುಟೆರಸ್" ಎಂದಿದ್ದರೆ ಗರ್ಭಕೋಶ ಸ್ವಲ್ಪ ದಪ್ಪ ಇದೆ ಎಂದರ್ಥ. ಮಕ್ಕಳನ್ನು ಹೆತ್ತವರಲ್ಲಿ ಇದು ಸಾಮಾನ್ಯ. "ನಾಬೋಥಿಯನ್ ಸಿಸ್ಟ್" ಗರ್ಭಕೋಶದ ಬಾಯಲ್ಲಿ ಆಗುವ ಸಣ್ಣ ನೀರುಗುಳ್ಳೆ, ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಪಿ.ಐ.ಡಿ. ಎಂದರೆ ಒಳಗೆ ಸೋಂಕು ಇದೆ. ಮೊದಲ ಚಿಕಿತ್ಸೆ ಔಷಧಿ. ಫೈಬ್ರಾಯ್ಡ್ ಎಂಬ ಗಡ್ಡೆ ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಈ ಮಾತುಗಳಲ್ಲಿ ಯಾವುದೋ ಒಂದು ವರದಿಯಲ್ಲಿ ಇದೆ ಎಂದ ಮಾತ್ರಕ್ಕೆ ಗರ್ಭಕೋಶ ತೆಗೆಸಬೇಕಾಗಿಲ್ಲ. "ಮಾತ್ರೆಯಲ್ಲಿ ವಾಸಿಯಾಗಲ್ವಾ ಡಾಕ್ಟ್ರೇ? ಇನ್ನೊಬ್ಬರ ಹತ್ತಿರ ತೋರಿಸಿ ಬರ್ತೀನಿ, ವರದಿ ಕೊಡಿ" ಎಂದು ಕೇಳಿ. ಹಾಗೆ ಕೇಳುವುದು ಉದ್ಧಟತನ ಅಲ್ಲ.

ಈಗಾಗಲೇ ಆಪರೇಷನ್ ಆಗಿರುವವರು ನಮ್ಮ ಸಂಘಗಳಲ್ಲಿ ಇದ್ದೀರಿ. ನಿಮ್ಮ ಡಿಸ್ಚಾರ್ಜ್ ಕಾಗದ ತೆಗೆದು ನೋಡಿ. ಟಿ.ಎ.ಎಚ್. ಎಂದಿದ್ದರೆ ಹೊಟ್ಟೆ ಕೊಯ್ದು ಪೂರ್ತಿ ಗರ್ಭಕೋಶ ತೆಗೆದಿದ್ದಾರೆ, ವಿ.ಎಚ್. ಎಂದಿದ್ದರೆ ಕೆಳಗಿನಿಂದ ತೆಗೆದಿದ್ದಾರೆ. ಅದರ ಪಕ್ಕದಲ್ಲಿ ಬಿ.ಎಸ್.ಓ. ಎಂದು ಇದೆಯಾ? ಇದ್ದರೆ ಎರಡೂ ಅಂಡಾಶಯಗಳನ್ನೂ ಅವುಗಳ ನಾಳಗಳನ್ನೂ ತೆಗೆದಿದ್ದಾರೆ. ಇದು ಸಣ್ಣ ಸಂಗತಿ ಅಲ್ಲ. ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಆದರೆ ಅಂಡಾಶಯಗಳು ಹಾರ್ಮೋನ್ ಕೊಡುತ್ತಲೇ ಇರುತ್ತವೆ. ಮೂವತ್ತೈದು ನಲವತ್ತಕ್ಕೇ ಅಂಡಾಶಯಗಳನ್ನೂ ತೆಗೆದರೆ ಮುಪ್ಪಿನಲ್ಲಿ ಬರಬೇಕಾದದ್ದು ಒಮ್ಮೆಗೇ ಬರುತ್ತದೆ. ಮೈಯೆಲ್ಲಾ ಕಾವೇರಿ ಬೆವರುವುದು, ನಿದ್ದೆ ಇಲ್ಲದಿರುವುದು, ಮೂಳೆ ಸವೆಯುವುದು, ಹೃದಯದ ಕಾಯಿಲೆಯ ಸಾಧ್ಯತೆ ಹೆಚ್ಚುವುದು. "ಆಪರೇಷನ್ ಆದ ಮೇಲೆ ಮೈಯಲ್ಲಿ ಶಕ್ತಿನೇ ಇಲ್ಲ, ಸೊಂಟ ಹಿಡಿದುಕೊಂಡಿದೆ" ಎಂದು ನೀವು ಮುಂದೆ ಯಾವ ಡಾಕ್ಟರ ಬಳಿ ಹೋದರೂ ಅವರಿಗೆ ಮೊದಲು ಬೇಕಾದ ಸುಳಿವು ಈ ಮೂರು ಅಕ್ಷರ. "ಗರ್ಭಕೋಶ ತೆಗೆದಿದ್ದಾರೆ" ಎಂದು ಬಾಯಲ್ಲಿ ಹೇಳಿದರೆ ಆ ಸುಳಿವು ಸಿಗುವುದಿಲ್ಲ.

ಎಚ್.ಪಿ.ಇ. ಎಂದು ಇನ್ನೊಂದು ಇರುತ್ತದೆ. ತೆಗೆದ ಭಾಗವನ್ನು ಲ್ಯಾಬಿಗೆ ಕಳಿಸಿ ಕ್ಯಾನ್ಸರ್ ಇದೆಯೇ ಎಂದು ನೋಡುವ ಪರೀಕ್ಷೆ. ಈ ವರದಿ ಬರುವುದು ಸಾಮಾನ್ಯವಾಗಿ ನಾವು ಮನೆಗೆ ಬಂದ ಮೇಲೆ. ಹೊಲಿಗೆ ಬಿಚ್ಚಿಸಿಕೊಂಡು ಬಂದವರು ಅದನ್ನು ಕೇಳಲು ಹೋಗುವುದೇ ಇಲ್ಲ. ಹೋಗಿ ತನ್ನಿ. ಬಿನೈನ್ ಎಂದಿದ್ದರೆ ಕ್ಯಾನ್ಸರ್ ಅಲ್ಲ, ಮ್ಯಾಲಿಗ್ನಂಟ್ ಎಂದಿದ್ದರೆ ಕ್ಯಾನ್ಸರ್. ಒಂದು ದಿನವೂ ತಡಮಾಡಬೇಡಿ. ನೆಗೆಟಿವ್ ಎಂಬ ಮಾತು ಬಂದರೆ ಕೆಲವರು ಅಳುತ್ತಾರೆ. ಪರೀಕ್ಷೆಯಲ್ಲಿ ನೆಗೆಟಿವ್ ಎಂದರೆ ಹುಡುಕಿದ್ದು ಸಿಗಲಿಲ್ಲ ಎಂದು ಅರ್ಥ, ಹೆಚ್ಚಾಗಿ ಅದು ಒಳ್ಳೇ ಸುದ್ದಿಯೇ.

ಗರ್ಭಿಣಿಯರ ತಾಯಿ ಕಾರ್ಡಿನ ಬಗ್ಗೆ ಆಶಾ ಕಾರ್ಯಕರ್ತೆಯರು ಹೇಳಿಕೊಡುತ್ತಾರೆ, ಹಾಗಾಗಿ ಇಲ್ಲಿ ಬೇಗ ಮುಗಿಸುತ್ತೇವೆ. ಎಲ್.ಎಂ.ಪಿ. ಕೊನೆಯ ಮುಟ್ಟಿನ ಮೊದಲ ದಿನ. ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ಇ.ಡಿ.ಡಿ., ಅಂದರೆ ಹೆರಿಗೆಯ ಅಂದಾಜು ದಿನ. ಎಚ್.ಬಿ. ರಕ್ತದ ಅಂಶ. ಗರ್ಭಿಣಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಇಳಿದರೆ ಅಪಾಯ. ಬಿ.ಪಿ. 140/90 ಮುಟ್ಟಿದರೆ ಅಂದೇ ಡಾಕ್ಟರಿಗೆ ತಿಳಿಸಿ. ಜಿ ಅಕ್ಷರದ ಮುಂದಿನ ಅಂಕಿ ಎಷ್ಟನೇ ಬಸಿರು ಎಂಬುದು, ಎಲ್ ಬದುಕಿರುವ ಮಕ್ಕಳು, ಎ ಎಂದರೆ ಅಬಾರ್ಷನ್. ಈ ಎ ಅಕ್ಷರವನ್ನು ನೋಡಿ "ಯಾವಾಗ ತೆಗೆಸಿಕೊಂಡೆ" ಎಂದು ಸೊಸೆಯನ್ನು ಪೀಡಿಸುವ ಮನೆಗಳಿವೆ. ಅತ್ತೆಯಂದಿರೇ, ತಾನಾಗಿ ಬಸಿರು ಇಳಿದುಹೋದರೂ ಡಾಕ್ಟರ ಭಾಷೆಯಲ್ಲಿ ಅದನ್ನು ಅಬಾರ್ಷನ್ ಎಂದೇ ಬರೆಯುತ್ತಾರೆ.

ದುಡ್ಡು ಸಾಲದೆ ರೋಗಿಯನ್ನು ನಡುವೆ ಮನೆಗೆ ಕರೆತರುವಾಗ ಒಂದು ಕಾಗದಕ್ಕೆ ಸಹಿ ಕೇಳುತ್ತಾರೆ. ಅದರಲ್ಲಿ ಎಲ್.ಎ.ಎಂ.ಎ. ಅಥವಾ ಡಿ.ಎ.ಎಂ.ಎ. ಎಂದಿದ್ದರೆ "ವೈದ್ಯರು ಬೇಡವೆಂದರೂ ನಾವೇ ಹೊರಟೆವು" ಎಂದು ಒಪ್ಪಿಕೊಂಡ ಹಾಗೆ. ಅವರೇ ಬೇರೆ ಆಸ್ಪತ್ರೆಗೆ ಕಳಿಸುತ್ತಿದ್ದರೆ "ರೆಫರ್ಡ್" ಎಂದು ಇರಬೇಕು. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಸಹಿಗೆ ಮೊದಲು ಓದಿಸಿ ಕೇಳಿ.

ಕಾಗದ ಕಳೆದುಹೋಗಿದ್ದರೆ? ವೈದ್ಯರ ನಡತೆಗೆ 2002ರಲ್ಲಿ ಮಾಡಿದ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿಯಾಗಲಿ, ರೋಗಿ ಒಪ್ಪಿದವರಾಗಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು, ಒಂದು ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆಯಿರಿ. ಅರ್ಜಿ ಬರೆಯುವುದು ನಮಗೆ ಹೊಸದೇನಲ್ಲ, ಬ್ಯಾಂಕಿಗೆ ಎಷ್ಟು ಬರೆದಿಲ್ಲ?

ಮುಂದಿನ ಸಭೆಗೆ ಉಳಿತಾಯದ ಹಣದ ಜೊತೆ ಮನೆಯಲ್ಲಿರುವ ಒಂದು ಆಸ್ಪತ್ರೆ ಕಾಗದವನ್ನೂ ತನ್ನಿ. ಇತರರಿಗೆ ತೋರಿಸಲು ಮನಸ್ಸಿಲ್ಲದ್ದನ್ನು ತರಬೇಡಿ. ಒಬ್ಬರ ಕಾಯಿಲೆ ಇನ್ನೊಬ್ಬರ ಬಾಯಿಗೆ ಬೀಳಬಾರದು. ಅರ್ಥವಾಗದ ಪದಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು ಬನ್ನಿ. ಅವನ್ನು ಒಟ್ಟುಮಾಡಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರನ್ನೋ ಡಾಕ್ಟರನ್ನೋ ಕೇಳಿ, ಸಂಘದ ಪುಸ್ತಕದ ಕೊನೆಯ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳೋಣ.