ಗಡಿಯ ಹಳ್ಳಿಯ ನುಡಿ: ಸ್ಪೇನಿನ ಸಾನ್ ಮಾರ್ತಿನ್ ದೆ ತ್ರೆವೆಹೊ

ಸ್ಪೇನ್ ದೇಶದ ಎಸ್ತ್ರೆಮದೂರ ಪ್ರಾಂತದ ವಾಯವ್ಯ ಮೂಲೆಯಲ್ಲಿ, ಪೋರ್ಚುಗಲ್ ಗಡಿಗೆ ಸಮೀಪದಲ್ಲಿ, ಸುಮಾರು 1,490 ಮೀಟರ್ ಎತ್ತರದ ಹಾಲಮಾ ಬೆಟ್ಟವಿದೆ. ಅದರ ತಪ್ಪಲಿನ ಕಣಿವೆಯಲ್ಲಿ ವಲ್ವೆರ್ದೆ ದೆಲ್ ಫ್ರೆಸ್ನೊ, ಎಲ್ಹಾಸ್, ಸಾನ್ ಮಾರ್ತಿನ್ ದೆ ತ್ರೆವೆಹೊ ಎಂಬ ಮೂರು ಊರುಗಳಿವೆ. ಈ ಪಾಠವು ಮುಖ್ಯವಾಗಿ ಕೊನೆಯ ಊರನ್ನು ಕುರಿತದ್ದು. ಅಲ್ಲಿನ ಜನಸಂಖ್ಯೆ ಇಂದು ಸಾವಿರಕ್ಕೂ ಕಡಿಮೆ.

ಕಲ್ಲು ಹಾಸಿದ ಇಕ್ಕಟ್ಟಾದ ಬೀದಿಗಳ ನಡುವೆಯೇ ಸಣ್ಣ ಕಾಲುವೆಗಳನ್ನು ತೋಡಿದ್ದಾರೆ. ಬೆಟ್ಟದ ನೀರು ಅವುಗಳಲ್ಲಿ ಹರಿದು ಊರಾಚೆಯ ತೋಟಗಳನ್ನು ಸೇರುತ್ತದೆ. ಮನೆಗಳ ನೆಲಮಟ್ಟದಲ್ಲಿ ದ್ರಾಕ್ಷಾರಸದ ಮತ್ತು ಆಲಿವ್ ಎಣ್ಣೆಯ ಕೋಣೆ, ಮೇಲಂತಸ್ತಿನಲ್ಲಿ ವಾಸ. ಊರ ನಡುವಿನ ಚೌಕದಲ್ಲಿ ಚರ್ಚಿಗೆ ತಾಗದೆ ಪ್ರತ್ಯೇಕವಾಗಿ ನಿಂತ ಗಂಟೆಗೋಪುರದ ಮೇಲೆ ಚಕ್ರವರ್ತಿ ಐದನೆಯ ಚಾರ್ಲ್ಸನ ಲಾಂಛನವಿದೆ. ಊರ ಹಿಂದೆ ಚೆಸ್ಟ್‌ನಟ್ ಮರಗಳ ಕಾಡು. ನೋಡಲು ಬರುವ ಪ್ರವಾಸಿಗರಿಗೆ ಇಷ್ಟು ಸಾಕು. ಆದರೆ ಭಾಷೆಯ ಅಧ್ಯಾಪಕನು ಇಲ್ಲಿ ನೋಡುವುದಕ್ಕಿಂತ ಕೇಳಬೇಕಾದುದು ಹೆಚ್ಚು. ಈ ಊರವರು ತಮ್ಮತಮ್ಮಲ್ಲಿ ಆಡುವುದು ಸ್ಪ್ಯಾನಿಷ್ ಅಲ್ಲ. ಪೋರ್ಚುಗೀಸ್ ಹಾಗೂ ಗಲಿಸಿಯನ್ ಭಾಷೆಗಳ ಬಳಗಕ್ಕೆ ಸೇರಿದ ‘ಫಾಲ’ ಎಂಬ ನುಡಿ. ‘ಫಾಲ’ ಎಂದರೆ ‘ಮಾತು’ ಎಂದಷ್ಟೇ ಅರ್ಥ.

ಈ ನುಡಿ ಇಲ್ಲಿಗೆ ಬಂದುದು ಹೇಗೆ? 12 ಮತ್ತು 13ನೆಯ ಶತಮಾನಗಳಲ್ಲಿ ಲೆಯೋನ್ ರಾಜ್ಯವು ಮುಸ್ಲಿಂ ಅರಸರಿಂದ ಈ ಸೀಮೆಯನ್ನು ಗೆದ್ದುಕೊಂಡು, ಕೋಟೆಗಳನ್ನೂ ಹಳ್ಳಿಗಳನ್ನೂ ಧಾರ್ಮಿಕ ಯೋಧಸಂಘಗಳ ವಶಕ್ಕೆ ಕೊಟ್ಟಿತು. ಬರಿದಾಗಿದ್ದ ನೆಲಕ್ಕೆ ಒಕ್ಕಲುಗಳನ್ನು ತಂದು ನೆಲೆಗೊಳಿಸಲಾಯಿತು. ಅವರು ದೂರದ ಗಲಿಸಿಯದಿಂದ ಬಂದವರೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಪಕ್ಕದ ರೀಬಾ ಕೋವಾ ಸೀಮೆಯ ನುಡಿಯೇ ಇಲ್ಲಿಯೂ ಹಬ್ಬಿತ್ತೆಂದು ಮತ್ತೆ ಕೆಲವರು ವಾದಿಸುತ್ತಾರೆ. ವಾದ ಇನ್ನೂ ಮುಗಿದಿಲ್ಲ. 1297ರ ಅಲ್ಕಾನ್ಯೀಸೆಸ್ ಒಪ್ಪಂದದಂತೆ ರೀಬಾ ಕೋವಾ ಪೋರ್ಚುಗಲ್ಲಿಗೆ ಸೇರಿತು, ಈ ಕಣಿವೆ ಈಚೆಯಲ್ಲಿ ಉಳಿಯಿತು. ಅಂದಿನಿಂದ ಆಡಳಿತದ ಭಾಷೆ ಒಂದು, ಒಲೆಯ ಮುಂದಿನ ಭಾಷೆ ಮತ್ತೊಂದು.

ನುಡಿಯ ಕೆಲವು ಲಕ್ಷಣಗಳನ್ನು ಗಮನಿಸೋಣ. ಲ್ಯಾಟಿನ್ನಿನ ಪದಾದಿಯ ಫಕಾರವು ಸ್ಪ್ಯಾನಿಷ್‌ನಲ್ಲಿ ಮೊದಲು ಹಕಾರವಾಗಿ, ಬಳಿಕ ಅದೂ ಉಚ್ಚಾರದಿಂದ ಅಳಿಸಿಹೋಯಿತು. ಫಾಲದಲ್ಲಿ ಅದು ಹಾಗೆಯೇ ಉಳಿದಿದೆ. ಒಲೆಗೂಡಿಗೆ ಸ್ಪ್ಯಾನಿಷ್‌ನಲ್ಲಿ ‘ಓರ್ನೊ’, ಇಲ್ಲಿ ‘ಫೋರ್ನು’. ಮಗನಿಗೆ ಅಲ್ಲಿ ‘ಈಹೊ’, ಇಲ್ಲಿ ‘ಫಿಲ್ಯು’. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆದುದನ್ನು ಪಾಠ ಹೇಳುವ ನಮಗೆ ಈ ಬಗೆಯ ಪಲ್ಲಟ ಅಪರಿಚಿತವೇನಲ್ಲ. ಪದಾಂತ್ಯದ ಒಕಾರವು ಉಕಾರವಾಗುವುದನ್ನೂ ಇವೇ ಮಾತುಗಳಲ್ಲಿ ಕಾಣಬಹುದು. ಹಾಲಿಗೆ ಸ್ಪ್ಯಾನಿಷ್‌ನಲ್ಲಿ ‘ಲೆಚೆ’, ಇಲ್ಲಿ ‘ಲೇಯ್ತಿ’, ರಾತ್ರಿಗೆ ‘ನೋಯ್ತಿ’.

ಇಷ್ಟು ಹಳೆಯ ಪದಸಂಪತ್ತುಳ್ಳ ನುಡಿಗೆ ಹೊರಗಿನವರು ಇಟ್ಟ ಹೆಸರು ‘ಚಾಪುರ್ರಾವ್’, ಅಂದರೆ ಕಲಬೆರಕೆ ಮಾತು. ನೋವಿನ ಸಂಗತಿಯೆಂದರೆ ಆಡುವವರೇ ಆ ಹೆಸರನ್ನು ಒಪ್ಪಿಕೊಂಡುಬಿಟ್ಟರು. 1939ರಿಂದ 1975ರವರೆಗಿನ ಫ್ರಾಂಕೊ ಆಳ್ವಿಕೆಯಲ್ಲಿ ಶಾಲೆಯ ಭಾಷೆ ಸ್ಪ್ಯಾನಿಷ್ ಒಂದೇ. ಮನೆಮಾತನ್ನು ಹೊಸ್ತಿಲಲ್ಲಿ ಬಿಟ್ಟು ತರಗತಿಗೆ ಬರಬೇಕಾದ ಮಗು, ತಾನು ಆಡುವುದು ಭಾಷೆಯಲ್ಲ, ಕೆಟ್ಟುಹೋದ ಸ್ಪ್ಯಾನಿಷ್ ಎಂದು ತಿಳಿದರೆ ಆಶ್ಚರ್ಯವೇನು? ಅದೇ ಕಾಲದಲ್ಲಿ ದುಡಿಮೆ ಅರಸಿ ಅನೇಕರು ದೊಡ್ಡ ನಗರಗಳಿಗೆ, ಫ್ರಾನ್ಸ್ ಜರ್ಮನಿಗಳಿಗೆ ಹೊರಟುಹೋದರು. ವಿದ್ವಾಂಸರಿಗೆ ಮಾತ್ರ ಈ ನುಡಿಯ ಬೆಲೆ ಮೊದಲೇ ತಿಳಿದಿತ್ತು: ಫೆದೆರಿಕೊ ದೆ ಓನೀಸ್ ಮತ್ತು ಪೋರ್ಚುಗಲ್ಲಿನ ಲೇಯ್ತೆ ದೆ ವಾಸ್ಕೊನ್ಸೆಲೊಸ್ ಇಬ್ಬರೂ 1930ರ ದಶಕದ ಆರಂಭದಲ್ಲಿಯೇ ಇದನ್ನು ಕುರಿತು ಬರೆದಿದ್ದರು. ಆ ತಿಳಿವು ಹಳ್ಳಿಯ ತರಗತಿಯನ್ನು ಮುಟ್ಟಲಿಲ್ಲ.

ಈ ನುಡಿಯ ಮೊದಲ ಮುದ್ರಿತ ಪುಸ್ತಕ ಬಂದುದು 1998ರಲ್ಲಿ. ಅದು ಇಸಬೆಲ್ ಲೋಪೆಸ್ ಲಾಹಾಸ್ ಅವರು ಬರೆದ ಆರು ಕಿರು ಪ್ರಹಸನಗಳ ಸಂಗ್ರಹ. 2001ರಲ್ಲಿ ಎಸ್ತ್ರೆಮದೂರ ಸರಕಾರವು ಫಾಲವನ್ನು ಸಾಂಸ್ಕೃತಿಕ ಸಂಪತ್ತೆಂದು ಘೋಷಿಸಿತು. ಬೀದಿಯ ಫಲಕಗಳಲ್ಲಿ ಈಗ ಎರಡು ಭಾಷೆಗಳು ಕಾಣುತ್ತವೆ. ಆದರೂ ಶಾಲೆಯ ಬೋಧನೆ ಸ್ಪ್ಯಾನಿಷ್‌ನಲ್ಲಿಯೇ ಮುಂದುವರಿದಿದೆ. ರಕ್ಷಿಸಬೇಕೆಂದು ಕಾನೂನು ಒಪ್ಪಿದ ನುಡಿಗೆ ತರಗತಿಯ ಕರಿಹಲಗೆಯ ಮೇಲೆ ಜಾಗವಿಲ್ಲದಿರುವುದು ವಿಚಿತ್ರ. ಘೋಷಣೆ ಹೊರಡಿಸುವುದಕ್ಕಿಂತ ಪಠ್ಯಪುಸ್ತಕ ಬರೆಯುವುದು ಕಷ್ಟವೆಂಬುದೂ ನಿಜ.

ಕಷ್ಟದ ಒಂದು ಕಾರಣ ಒಳಗಿನದೇ. ಮೂರು ಊರುಗಳಿಗೆ ಮೂರು ಬಗೆಗಳು: ಸಾನ್ ಮಾರ್ತಿನ್ನಿನದು ‘ಮನ್ಯೆಗು’, ಎಲ್ಹಾಸಿನದು ‘ಲಗರ್ತೇಯ್ರು’, ವಲ್ವೆರ್ದೆಯದು ‘ವಲ್ವೆರ್ದೇಯ್ರು’. ಯಾವುದನ್ನು ಬರೆಹಕ್ಕೆ ಆರಿಸುವುದು? ಗಲಿಸಿಯನ್ ಕಾಗುಣಿತವನ್ನೇ ತರೋಣವೆಂದವರಿಗೆ, ನಮ್ಮದು ಗಲಿಸಿಯನ್ ಅಲ್ಲ, ಪೋರ್ಚುಗೀಸೂ ಅಲ್ಲ ಎಂದು ಊರವರಲ್ಲಿ ಅನೇಕರು ಉತ್ತರಿಸಿದರು. ಜೆಕ್ ಭಾಷಾವಿಜ್ಞಾನಿ ಮಿರೊಸ್ಲಾವ್ ವಾಲೆಷ್ ಸಿದ್ಧಪಡಿಸಿದ ನಿಘಂಟು ಒಂದು ಬಗೆಯನ್ನು ಮೇಲೇರಿಸಿ ಉಳಿದವನ್ನು ಕೆಳಗಿಳಿಸದೆ, ಮೂರಕ್ಕೂ ಸ್ಥಾನ ಕೊಟ್ಟಿದೆ.

ಅಧ್ಯಾಪಕರು ಈ ನಿಘಂಟಿನ ಕ್ರಮವನ್ನು ತರಗತಿಯ ಚಟುವಟಿಕೆಯಾಗಿ ಬಳಸಬಹುದು. ಒಲೆ, ಹಾಲು, ಮಗ, ರಾತ್ರಿ, ಮಳೆ ಎಂಬ ಐದು ವಸ್ತುಗಳಿಗೆ ತಮ್ಮ ಮನೆಯಲ್ಲಿ ಯಾವ ಮಾತು ಬಳಕೆಯಲ್ಲಿದೆಯೋ ಅದನ್ನು ಮಕ್ಕಳು ಹಿರಿಯರನ್ನು ಕೇಳಿ ಬರೆದು ತರಲಿ. ಎಲ್ಲ ರೂಪಗಳನ್ನೂ ಕರಿಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆಯಬೇಕು; ಯಾವುದಕ್ಕೂ ತಪ್ಪುಗುರುತು ಹಾಕಬಾರದು. ಪಠ್ಯಪುಸ್ತಕದ ರೂಪವನ್ನು ಸಾಲಿನ ಕೊನೆಯಲ್ಲಿ ಬರೆದು, ಅದು ಯಾವ ಮನೆಯ ಮಾತಿಗೆ ಹತ್ತಿರವೆಂದು ಮಕ್ಕಳನ್ನೇ ಕೇಳಬೇಕು.