ಬಿಲ ಬಿಟ್ಟು ಬಂದ ಮೊಲ

ಗಜೇಂದ್ರಗಡ, ರೋಣ, ನರಗುಂದಗಳ ಕಡೆಯ ಹಿರಿಯರಿಗೆ ಹಗೇವು ಎಂದರೇನೆಂದು ವಿವರಿಸಬೇಕಾಗಿಲ್ಲ. ನೆಲದೊಳಗೆ ಆಳವಾಗಿ ತೋಡಿದ ಕುಳಿಯಲ್ಲಿ ಜೋಳವನ್ನು ತುಂಬಿ, ಬಾಯನ್ನು ಮಣ್ಣಿನಿಂದ ಮುಚ್ಚಿಬಿಟ್ಟರೆ ಕಾಳು ಬಹುಕಾಲ ಕೆಡದೆ ಉಳಿಯುತ್ತಿತ್ತು. ಮೇಲೆ ಬಿಸಿಲು ಎರೆಭೂಮಿಯನ್ನು ಬಿರಿಯುವಂತೆ ಕಾಯಿಸುತ್ತಿದ್ದರೂ ಒಳಗಿನ ಕಾಳಿಗೆ ಅದರ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಈ ಉಪಾಯವನ್ನು ಮನುಷ್ಯನಿಗಿಂತ ಬಹಳ ಮೊದಲೇ ಕಂಡುಕೊಂಡ ಪ್ರಾಣಿಯೊಂದುಂಟು. ಅದೇ ನಾವು ಗೂಡಿನಲ್ಲಿಟ್ಟು ಸಾಕುವ ಮೊಲದ ಪೂರ್ವಜ.

ನಮ್ಮ ಗುಡ್ಡಗಳ ಹುಲ್ಲಿನಲ್ಲಿ ಒಮ್ಮೊಮ್ಮೆ ಕಾಲಡಿಯಿಂದಲೇ ಚಿಮ್ಮಿ ಓಡುವ ಮೊಲಕ್ಕೂ ಇದಕ್ಕೂ ಹೆಸರೊಂದೇ, ಜಾತಿ ಬೇರೆ. ಕತ್ತಿನ ಹಿಂದೆ ಕಪ್ಪು ಮಚ್ಚೆಯುಳ್ಳ ನಮ್ಮ ಬಯಲುಮೊಲ ಬಿಲ ತೋಡುವುದಿಲ್ಲ. ಪೊದೆಯ ನೆರಳೇ ಅದಕ್ಕೆ ಮನೆ. ಅದರ ಮರಿ ಮೈತುಂಬ ಕೂದಲು ಹೊತ್ತು, ಕಣ್ಣು ತೆರೆದುಕೊಂಡೇ ಹುಟ್ಟುತ್ತದೆ. ಅದನ್ನು ಹಿಡಿದು ತಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಸಾಕುಮೊಲವಾದರೋ ಸ್ಪೇನ್ ಪೋರ್ಚುಗಲ್‌ಗಳ ಸೀಮೆಯ ಬಿಲವಾಸಿ. ಅದರ ಮರಿ ಬತ್ತಲೆಯಾಗಿ, ಕುರುಡಾಗಿ, ಕತ್ತಲೆಯಲ್ಲಿ ಹುಟ್ಟುತ್ತದೆ. ಅಂಥ ಪ್ರಾಣಿಯನ್ನು ನಾವು ಬಿಲದಿಂದ ಹೊರಗೆಳೆದು, ನಾಲ್ಕು ಕಾಲಿನ ಗೂಡಿನಲ್ಲಿಟ್ಟು, ತಲೆಯ ಮೇಲೊಂದು ತಗಡನ್ನು ಹೊದಿಸಿದ್ದೇವೆ. ಅದರ ಬೇಸಗೆಯ ಕಷ್ಟಗಳೆಲ್ಲ ಇಲ್ಲಿಂದಲೇ ಮೊದಲಾಗುತ್ತವೆ.

ಬಿಲ ಕೊಡುತ್ತಿದ್ದುದೇನು? ಹಗಲು ರಾತ್ರಿಗಳ ಉಷ್ಣತೆಯ ಏರಿಳಿತವು ಮಣ್ಣಿನೊಳಗೆ ಒಂದು ಅಲೆಯಂತೆ ಇಳಿಯುತ್ತದೆ; ಇಳಿಯುತ್ತ ಕುಗ್ಗುತ್ತದೆ. ಸಾಧಾರಣ ಮಣ್ಣಿನಲ್ಲಿ ಪ್ರತಿ 12 ಸೆಂಟಿಮೀಟರಿಗೆ ಅದು ಸುಮಾರು ಮೂರನೆಯ ಒಂದು ಪಾಲಿಗೆ ಬರುತ್ತದೆ. ನೆಲದ ಮೇಲ್ಮೈ ದಿನಕ್ಕೆ 30 ಡಿಗ್ರಿಯಷ್ಟು ಏರಿಳಿದರೂ ಒಂದು ಮೊಳ ಆಳದಲ್ಲಿ ಆ ಏರಿಳಿತ ಒಂದೆರಡು ಡಿಗ್ರಿಗಿಂತ ಹೆಚ್ಚಿರದು. ಕುಗ್ಗುವುದಷ್ಟೇ ಅಲ್ಲ, ತಡವೂ ಆಗುತ್ತದೆ. ಒಂದಡಿ ದಪ್ಪದ ಮೇಲ್ಮುದ್ದೆಯ ಮನೆಗಳಲ್ಲಿ ಇದನ್ನು ಮೈಯಿಂದಲೇ ಅರಿಯಬಹುದು. ಮಧ್ಯಾಹ್ನದ ಬಿಸಿಲು ಮಾಳಿಗೆಯ ಒಳಮೈಗೆ ಬಂದು ಸೇರುವ ಹೊತ್ತಿಗೆ ಒಂಬತ್ತು ಹತ್ತು ಗಂಟೆ ಕಳೆದಿರುತ್ತದೆ. ಹಗಲೆಲ್ಲ ತಂಪಾಗಿದ್ದ ಕೋಣೆ ನಡುರಾತ್ರಿ ಸೆಕೆಯಾಗುವುದೂ, ಮನೆಮಂದಿ ಹಾಸಿಗೆ ಎತ್ತಿಕೊಂಡು ಹೊರಗೆ ಮಲಗುವುದೂ ಈ ಕಾರಣದಿಂದಲೇ.

ಹಾಗಾದರೆ ಮೊಲಕ್ಕೆ ಬಿಲವನ್ನೇ ತೋಡಿಕೊಡಬಾರದೇಕೆ ಎಂದು ಕೇಳಬಹುದು. ಎರೆಮಣ್ಣು ಬೇಸಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬಿ ಕುಸಿಯುತ್ತದೆ. ಒಂದು ದೊಡ್ಡ ಮಳೆಗೆ ಬಿಲವೇ ಬಾವಿಯಾದೀತು. ಅದೂ ಅಲ್ಲದೆ ಬಿಲದ ಉಷ್ಣತೆ ಆ ಊರಿನ ಹಗಲು ರಾತ್ರಿಗಳ ಸರಾಸರಿಯ ಬಳಿ ನಿಲ್ಲುವುದರಿಂದ, ನಮ್ಮಲ್ಲಿ ಏಪ್ರಿಲ್ ತಿಂಗಳ ಬಿಲ ಸ್ಪೇನಿನ ಬಿಲದಷ್ಟು ತಂಪಾಗಿರಲಾರದು. ಗೂಡೇ ಗತಿ. ಆ ಗೂಡನ್ನು ಹೇಗೆ ಬಿಲಕ್ಕೆ ಹತ್ತಿರ ತರಬಹುದೆಂಬುದಷ್ಟೇ ಪ್ರಶ್ನೆ.

ಮೊದಲು ಮೊಲದ ಮೈಯ ಆಯವ್ಯಯವನ್ನು ನೋಡೋಣ. ಮೊಲದ ಮೈಬಿಸಿ ಸುಮಾರು 39 ಡಿಗ್ರಿ ಸೆಲ್ಸಿಯಸ್. ಎರಡು ಕಿಲೋಗ್ರಾಂ ತೂಕದ ಮೊಲ ಸುಮ್ಮನೆ ಕುಳಿತಿರುವಾಗಲೂ ಸುಮಾರು ಆರು ವಾಟ್‌ಗಳಷ್ಟು ಶಾಖವನ್ನು ಉತ್ಪಾದಿಸುತ್ತಿರುತ್ತದೆ. ಚಿಕ್ಕ ದೀಪವೊಂದು ಅದರೊಳಗೆ ಸದಾ ಉರಿಯುತ್ತಿದೆಯೆಂದು ತಿಳಿಯಿರಿ. ಈ ಶಾಖ ಹೊರಹೋಗಲೇಬೇಕು. ನಮಗಾದರೆ ಬೆವರುಂಟು, ಮೊಲಕ್ಕೆ ಬೆವರು ಇಲ್ಲವೆನ್ನುವಷ್ಟು ಕಡಿಮೆ. ನಾಯಿಯಂತೆ ಬಾಯ್ದೆರೆದು ತೇಕುವುದೂ ಅದಕ್ಕೆ ಚೆನ್ನಾಗಿ ಬಾರದು; ಅದು ಉಸಿರಾಡುವುದು ಮೂಗಿನಿಂದ. ಉಳಿದ ಮುಖ್ಯಮಾರ್ಗ ಕಿವಿ. ಮೈಯ ಒಟ್ಟು ಮೇಲ್ಮೈಯಲ್ಲಿ ಸುಮಾರು ಎಂಟನೆಯ ಒಂದು ಪಾಲು ಕಿವಿಗಳದೇ. ತೆಳುವಾದ ಆ ಚರ್ಮದ ಕೆಳಗೆ ರಕ್ತನಾಳಗಳ ಜಾಲ ಹರಡಿದೆ. ಸೆಕೆಯಾದಾಗ ನಾಳಗಳು ಹಿಗ್ಗಿ, ಬಿಸಿರಕ್ತ ಕಿವಿಗೆ ಹರಿದು, ಅಲ್ಲಿಂದ ಶಾಖ ಗಾಳಿಗೆ ಹೋಗುತ್ತದೆ. ಮೋಟಾರು ಗಾಡಿಯ ಮುಂದಿನ ರೇಡಿಯೇಟರು ಮಾಡುವ ಕೆಲಸವೂ ಇದೇ.

ಆದರೆ ಶಾಖವು ಬಿಸಿಯಿಂದ ತಂಪಿನ ಕಡೆಗೆ ಹರಿಯುವುದೇ ಹೊರತು ಹಿಮ್ಮುಖವಾಗಿ ಹರಿಯದು. ಗಾಳಿ 28 ಡಿಗ್ರಿಯಿದ್ದಾಗ ಕಿವಿ ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. 35ರಲ್ಲಿ ಏದುಸಿರು ಬಿಡುತ್ತ ಮಾಡುತ್ತದೆ. 39 ದಾಟಿತೆಂದರೆ ಅದೇ ಕಿವಿ ಹೊರಗಿನ ಶಾಖವನ್ನು ಒಳಗೆ ತರುವ ಬಾಗಿಲಾಗುತ್ತದೆ. ಆಗ ಒಣಗಾಳಿಯ ಪಂಕವನ್ನು ಎಷ್ಟು ಜೋರಾಗಿ ತಿರುಗಿಸಿದರೂ ಪ್ರಯೋಜನವಿಲ್ಲ. ಗಂಡುಮೊಲಗಳು ಇಂಥ ಸೆಕೆಯಲ್ಲಿ ಸಂತಾನಶಕ್ತಿಯನ್ನೇ ಕೆಲವು ವಾರಗಳ ಕಾಲ ಕಳೆದುಕೊಳ್ಳುತ್ತವೆ. ಮಳೆ ಬಿದ್ದು ತಂಪಾದ ಮೇಲೂ ಮರಿಗಳಾಗಲಿಲ್ಲವೆಂದು ಸಾಕುವವರು ಬೆರಗಾಗುವುದುಂಟು. ತಪ್ಪು ಕಳೆದ ತಿಂಗಳ ಬಿಸಿಲಿನದು. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ ಮೊದಲಾದ ತಳಿಗಳು ಕೊಡೈಕಾನಲ್ ಬೆಟ್ಟಗಳ ಮನ್ನವನೂರಿನಲ್ಲಿರುವ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿ ಚೆನ್ನಾಗಿ ಬೆಳೆಯುತ್ತವೆಂದ ಮಾತ್ರಕ್ಕೆ ಬಯಲುಸೀಮೆಯಲ್ಲಿಯೂ ಹಾಗೆಯೇ ಬೆಳೆದಾವೆಂದು ನಂಬಬಾರದು. ಅಲ್ಲಿಯ ಬೆಟ್ಟದ ಗಾಳಿ ಮಾಡುವ ಕೆಲಸವನ್ನು ಇಲ್ಲಿ ನಾವು ಮಾಡಬೇಕು.

ಗೂಡಿನ ದೊಡ್ಡ ಶತ್ರು ಸೂರ್ಯನಲ್ಲ, ಮಾಡು. ನಮ್ಮ ಕಡೆ ಪತ್ರಾಸೆಂದು ಕರೆಯುವ ತಗಡು, ಅದರಲ್ಲಿಯೂ ತುಕ್ಕು ಹಿಡಿದ ಹಳೆಯ ತಗಡು, ಬಿಸಿಲಿನಲ್ಲಿ 60 ಡಿಗ್ರಿಯವರೆಗೆ ಕಾಯುವುದು ಅಪರೂಪವಲ್ಲ. ಆಗ ಅದರ ಒಳಮೈ ಪ್ರತಿ ಚದರ ಮೀಟರಿಗೆ ಸುಮಾರು 700 ವಾಟ್‌ಗಳನ್ನು ವಿಕಿರಣ ರೂಪದಲ್ಲಿ ಕೆಳಕ್ಕೆ ಸುರಿಸುತ್ತದೆ. 40 ಡಿಗ್ರಿಯ ಹುಲ್ಲಿನ ಮಾಡಾದರೆ ಸುರಿಸುವುದು ಸುಮಾರು 545. ಇವುಗಳ ಅಂತರ 155 ವಾಟ್. ಮೊಲದ ಬೆನ್ನಿನ ಹರವು ಚದರ ಮೀಟರಿನ ಇಪ್ಪತ್ತನೆಯ ಒಂದು ಪಾಲೆಂದು ಹಿಡಿದರೂ ಏಳೆಂಟು ವಾಟ್‌ಗಳು ಅದರ ಮೇಲೆ ಹೆಚ್ಚಾಗಿ ಬಿದ್ದಂತಾಯಿತು. ತುಪ್ಪಳದ ಹೊರಮೈಗೆ ಬಿದ್ದುದೆಲ್ಲ ಒಳಗಿಳಿಯುವುದಿಲ್ಲ, ನಿಜ. ಆದರೂ ಮೊಲದ ಸ್ವಂತ ಉತ್ಪತ್ತಿ ಆರು ವಾಟ್ ಎಂಬುದನ್ನು ನೆನೆದರೆ, ತಗಡಿನ ಮಾಡು ಆ ಬಡಪ್ರಾಣಿಯ ಬೆನ್ನ ಮೇಲೆ ಇನ್ನೊಂದು ಮೊಲವನ್ನು ಕೂರಿಸಿದಂತೆ. ತಗಡಿನ ಮೇಲೆ ಗೇಣುದಪ್ಪ ಜೋಳದ ಕಣಿಕೆಯನ್ನು ಹೊದಿಸಿ, ಅಂಚನ್ನು ಪಶ್ಚಿಮದ ಕಡೆ ಇಳಿಬಿಟ್ಟರೆ ಈ ಹೊರೆ ಇಳಿಯುತ್ತದೆ. ಗೂಡಿನ ಉದ್ದ ಪೂರ್ವಪಶ್ಚಿಮವಾಗಿ, ತೆರೆದ ಮುಖ ಉತ್ತರಕ್ಕೆ ಇದ್ದರೆ ಲೇಸು.

ಇನ್ನು ನೀರು. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 2,400 ಜೂಲ್‌ಗಳಷ್ಟು ಶಾಖವನ್ನು ಸುತ್ತಲಿನಿಂದ ಹೀರುತ್ತದೆ. ಮೊಲ ಒಂದು ಗಂಟೆಯಲ್ಲಿ ಉತ್ಪಾದಿಸುವ ಶಾಖವನ್ನೆಲ್ಲ ಒಯ್ಯಲು ಒಂಬತ್ತು ಗ್ರಾಂ, ಎಂದರೆ ಎರಡು ಚಮಚೆಯಷ್ಟು ನೀರು ಸಾಕು. ಬೆವರಲಾರದ ಪ್ರಾಣಿಯ ಪರವಾಗಿ ಗೂಡೇ ಬೆವರಬೇಕು. ಗಾಳಿ ಬರುವ ಕಡೆ ಒದ್ದೆ ಗೋಣಿತಟ್ಟನ್ನು ತೂಗುಹಾಕಿದರೆ ಆಗುವುದು ಇದೇ. ಏಪ್ರಿಲ್ ಮಧ್ಯಾಹ್ನ ಗಾಳಿ 39 ಡಿಗ್ರಿ, ಆರ್ದ್ರತೆ ನೂರಕ್ಕೆ 20 ಇದೆಯೆನ್ನೋಣ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ಆಗ ಸುಮಾರು 22 ಡಿಗ್ರಿ ತೋರಿಸುತ್ತದೆ. ಹದಿನೇಳು ಡಿಗ್ರಿಗಳ ಅಂತರ! ಗೋಣಿತಟ್ಟು ಈ ಅಂತರದಲ್ಲಿ ಅರ್ಧದಷ್ಟನ್ನು ಗಳಿಸಿಕೊಟ್ಟರೂ ಮೊಲ ಬದುಕಿಕೊಳ್ಳುತ್ತದೆ. ಮಣ್ಣಿನ ದೊಡ್ಡ ಹರವಿಯೊಂದನ್ನು ಮಗ್ಗುಲಾಗಿ ಮಲಗಿಸಿ, ಸುತ್ತ ಒದ್ದೆ ಮರಳನ್ನಿಟ್ಟರೆ ಅದೊಂದು ಚಿಕ್ಕ ಬಿಲವೇ ಆಗುತ್ತದೆ. ಮೊಲ ತಾನಾಗಿಯೇ ಅದರೊಳಗೆ ಹೋಗಿ ಮಲಗುತ್ತದೆ. ಮೇವನ್ನು ಸಂಜೆ ಕೊಡಬೇಕು. ಅರಗಿಸುವ ಕೆಲಸವೂ ಶಾಖವನ್ನು ಹುಟ್ಟಿಸುತ್ತದೆ. ಮೊಲ ಕೈಕಾಲು ಚಾಚಿ ಬಿದ್ದು, ಕಿವಿ ಕೆಂಪಾಗಿ, ಮೂಗು ಬಾಯಿ ಒದ್ದೆಯಾಗಿದ್ದರೆ ಕಿವಿಗಳನ್ನು ತಣ್ಣೀರಿನಿಂದ ಒರೆಸಿ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸುವುದು ಕೊಲ್ಲುವ ದಾರಿ.

ಹೀಗೆ ಏಪ್ರಿಲ್ ಕಳೆಯುತ್ತಿರುವಾಗಲೇ ಒಂದು ದಿನ ಭರಣಿ ಮಳೆ ಬರುತ್ತದೆ. ಮೂರು ಗಂಟೆಗೆ ಮೋಡ ಕವಿದು, ನಾಲ್ಕಕ್ಕೆ ಧೂಳಿನ ಗೋಡೆಯೊಂದು ಎದ್ದು ಬರುತ್ತದೆ. ಮೋಡದೊಳಗಿಂದ ಕುಸಿದು ಬಿದ್ದ ತಂಪುಗಾಳಿ ನೆಲಕ್ಕೆ ಬಡಿದು ಹರಡುವುದೇ ಈ ಬಿರುಗಾಳಿ. ಗಾಳಿಯ ವೇಗ ಗಂಟೆಗೆ 72 ಕಿಲೋಮೀಟರಾದರೆ ಅದರ ಒತ್ತಡ ಚದರ ಮೀಟರಿಗೆ 23 ಕಿಲೋಗ್ರಾಂ ತೂಕದಷ್ಟು. ಮಾಡಿನ ಮೇಲೆ ಗಾಳಿ ವೇಗವಾಗಿ ಹಾಯುವಾಗ ಮೇಲಿನ ಒತ್ತಡ ಇಳಿದು, ತಗಡನ್ನು ಎಳೆಯುವ ಬಲವೂ ಇಷ್ಟರ ಆಸುಪಾಸಿನಲ್ಲಿಯೇ ಇರುತ್ತದೆ. ಆರು ಚದರ ಮೀಟರಿನ ತಗಡಿಗೆ ಇದು 140 ಕಿಲೋಗ್ರಾಂ. ತಗಡಿನ ಸ್ವಂತ ತೂಕ ಇದರ ಕಾಲುಭಾಗವೂ ಇಲ್ಲ. ಮೇಲೆ ನಾಲ್ಕು ಕಲ್ಲು ಹೇರಿ ನಿಶ್ಚಿಂತರಾದವರಿಗೆ ಈ ಲೆಕ್ಕ ತಿಳಿಯದು. ಹಾರಿಹೋದ ಕಲ್ಲು ಗೂಡಿನ ಮೇಲೆಯೇ ಬೀಳುತ್ತದೆ. ತಂತಿಯಿಂದ ಬಿಗಿದು, ನೆಲದಲ್ಲಿ ಹೂತ ಗೂಟಕ್ಕೆ ಕಟ್ಟುವುದೊಂದೇ ಉಪಾಯ.

ಬಿಸಿಲಿಗೆಂದು ಗೂಡನ್ನು ಒಂಟಿ ಬೇವಿನ ಮರದಡಿ ಇಟ್ಟವರು ಈ ದಿನ ಪಶ್ಚಾತ್ತಾಪ ಪಡುತ್ತಾರೆ. ಮುರಿದ ಕೊಂಬೆ, ಸಿಡಿಲು ಎರಡೂ ಅಲ್ಲಿಗೆ ಮೊದಲು ಬರುತ್ತವೆ. ಮನೆಯ ಉತ್ತರ ಗೋಡೆಯ ಆಸರೆ ಮರದ ನೆರಳಿಗಿಂತ ಉತ್ತಮ. ಮೊಲದ ಬೆನ್ನುಮೂಳೆ ಬಹಳ ನಾಜೂಕು. ಗುಡುಗಿಗೆ ಬೆದರಿ ಹಿಂಗಾಲು ಝಾಡಿಸಿದಾಗ ತನ್ನ ಬೆನ್ನನ್ನು ತಾನೇ ಮುರಿದುಕೊಳ್ಳುವುದುಂಟು. ಮಲಗಿಸಿದ ಹರವಿ ಇಲ್ಲಿಯೂ ನೆರವಿಗೆ ಬರುತ್ತದೆ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲಿನ ದೂರ ಕಿಲೋಮೀಟರುಗಳಲ್ಲಿ ಸಿಕ್ಕುತ್ತದೆ. ಹತ್ತು ಕಿಲೋಮೀಟರಿನೊಳಗೆ ಬರುವ ಮುನ್ನವೇ ಗೂಡಿನ ಪರದೆಗಳನ್ನು ಇಳಿಸಿ ನಾವು ಮನೆಯೊಳಗೆ ಸೇರಿರಬೇಕು. ತೊಯ್ದ ಮೊಲವನ್ನು ಕೂಡಲೇ ಒರೆಸಬೇಕು. ತುಪ್ಪಳದ ಬೆಚ್ಚಗಿರುವ ಗುಣವೆಲ್ಲ ಅದರಲ್ಲಿ ಸಿಕ್ಕಿಕೊಂಡ ಗಾಳಿಯದು, ಆ ಗಾಳಿಯ ಜಾಗದಲ್ಲಿ ನೀರು ನಿಂತರೆ ಸಂಜೆಯ ತಂಪೇ ಅದಕ್ಕೆ ಚಳಿಯಾಗುತ್ತದೆ.

ಜೂನ್ ಬಂದಿತು, ಗುಡ್ಡದ ಮೇಲಿನ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗತೊಡಗಿದವು. ಸೆಕೆ ಮುಗಿಯಿತೆಂದು ನಾವು ತಿಳಿಯುತ್ತೇವೆ. ಆದರೆ ಮಳೆಯ ನಡುವೆ ಗಾಳಿ ನಿಂತ ಒಂದು ಮಧ್ಯಾಹ್ನವನ್ನು ತೆಗೆದುಕೊಳ್ಳಿ: 31 ಡಿಗ್ರಿ, ಆರ್ದ್ರತೆ ನೂರಕ್ಕೆ 75. ಒದ್ದೆ ಉಷ್ಣಮಾಪಕ ಈಗ ತೋರಿಸುವುದು ಸುಮಾರು 27. ಹದಿನೇಳು ಡಿಗ್ರಿಗಳಿದ್ದ ಅಂತರ ನಾಲ್ಕಕ್ಕೆ ಇಳಿದಿದೆ. ಏಪ್ರಿಲ್‌ನಲ್ಲಿ ಜೀವ ಉಳಿಸಿದ ಗೋಣಿತಟ್ಟು ಈಗ ತಂಪು ಕೊಡದೆ ಬರಿಯ ತೇವವನ್ನು ಕೊಡುತ್ತದೆ. ಬೂಷ್ಟು ಹಿಡಿಯುತ್ತದೆ, ಗಾಳಿಯನ್ನು ತಡೆಯುತ್ತದೆ. ಅದನ್ನು ಬಿಚ್ಚಿ ಒಗೆದು ಎತ್ತಿಡಬೇಕು. ಈಗ ಕೆಲಸಕ್ಕೆ ಬರುವುದು ಪಂಕ. ಗಾಳಿ ಮೊಲದ ಮೈಗಿಂತ ತಂಪಾಗಿದೆಯಲ್ಲವೆ? ಅದಿಲ್ಲದಿದ್ದರೆ ಮಂಜುಗಟ್ಟಿಸಿದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಡಬಹುದು. ಒಂದು ಲೀಟರು ನೀರಿನ ಮಂಜುಗಡ್ಡೆ ಕರಗುವಾಗ ಹೀರುವ ಶಾಖ ಮೊಲದ ಹದಿನೈದು ಗಂಟೆಗಳ ಉತ್ಪತ್ತಿಗೆ ಸಮ. ಗಾಳಿಯ ಆರ್ದ್ರತೆಯ ಹಂಗು ಅದಕ್ಕಿಲ್ಲ.

ತೇವದ ಬೆನ್ನಿಗೇ ಸೊಳ್ಳೆ. ಬೇಸಗೆಯಲ್ಲಿ ತಂಪಾಗಲೆಂದು ನಮ್ಮ ಗೂಡಿನ ಕೆಳಗೆ ಅಗಲವಾದ ಪಾತ್ರೆಯಲ್ಲಿ ನೀರಿಟ್ಟಿದ್ದೆವು. ಮಳೆ ಬಂದ ಮೇಲೆ ಅದನ್ನು ಮರೆತೆವು. ಎಂಟು ದಿನಗಳ ಅನಂತರ ನೋಡಿದರೆ ತಲೆಕೆಳಗಾಗಿ ತೂಗುವ ಮರಿಹುಳುಗಳು ತುಂಬಿದ್ದುವು. ನೀರಿನ ಮೇಲ್ಮೈ ಒಂದು ಬಿಗಿದ ಪೊರೆಯಂತೆ ವರ್ತಿಸುತ್ತದೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಸೊಳ್ಳೆಯ ಮರಿ ಆ ಪೊರೆಗೆ ತನ್ನ ಉಸಿರುಗೊಳವೆಯನ್ನು ನೇತುಹಾಕಿ ಬದುಕುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ. ಆದುದರಿಂದ ವಾರಕ್ಕೊಮ್ಮೆ ನೀರನ್ನೆಲ್ಲ ಚೆಲ್ಲಿ, ಪಾತ್ರೆಯನ್ನು ಉಜ್ಜಿ ಒಣಗಿಸಿದರೆ ಸಾಕು. ಚೆಲ್ಲಲಾಗದ ತೊಟ್ಟಿಗೆ ಗಪ್ಪಿ ಮೀನು ಬಿಡಬಹುದು.

ಸೊಳ್ಳೆ ಕಚ್ಚುವುದು ಎಲ್ಲಿ? ಕೂದಲು ವಿರಳವಾಗಿ, ರಕ್ತ ಚರ್ಮದ ಬಳಿ ಹರಿಯುವ ಕಿವಿಯನ್ನೇ. ಇದು ತುರಿಕೆಯ ಮಾತಷ್ಟೇ ಅಲ್ಲ. ಆಸ್ಟ್ರೇಲಿಯದಲ್ಲಿ 1859ರಲ್ಲಿ ಬಿಟ್ಟ ಕೆಲವೇ ಮೊಲಗಳ ಸಂತತಿ ಬೆಳೆದು ದೇಶಕ್ಕೇ ಪಿಡುಗಾಗಿತ್ತು. ಅವನ್ನು ಅಳಿಸಲು 1950ರಲ್ಲಿ ವಿಜ್ಞಾನಿಗಳು ಮಿಕ್ಸೊಮಾ ಎಂಬ ವಿಷಾಣುವನ್ನು ಮರ್ರೆ ನದಿಯ ಕಣಿವೆಯಲ್ಲಿ ಬಿಟ್ಟರು. ಮೊದಲ ತಿಂಗಳುಗಳಲ್ಲಿ ರೋಗ ಹರಡಲೇ ಇಲ್ಲ. ಪ್ರಯೋಗ ಸೋತಿತೆಂದೇ ಎಣಿಸಿದರು. ಆ ವರ್ಷದ ಕೊನೆಯಲ್ಲಿ, ಮಳೆಯ ನೀರು ನಿಂತು ಸೊಳ್ಳೆಗಳು ಹೆಚ್ಚಿದೊಡನೆ, ರೋಗ ನದಿಗಳ ದಡವನ್ನೇ ಹಿಡಿದು ನೂರಾರು ಮೈಲಿ ಓಡಿತು. ತಗಲಿದ ನೂರು ಮೊಲಗಳಲ್ಲಿ ಒಂದೂ ಉಳಿಯುತ್ತಿರಲಿಲ್ಲ. ಸೊಳ್ಳೆಯ ದೇಹದಲ್ಲಿ ಈ ವಿಷಾಣು ಬೆಳೆಯುವುದಿಲ್ಲ. ಕೊಳಕಾದ ಸೂಜಿಯಂತೆ ಅದರ ಮೂತಿ ಒಂದು ಮೊಲದಿಂದ ಇನ್ನೊಂದಕ್ಕೆ ಒಯ್ಯುತ್ತದೆ, ಅಷ್ಟೇ. ಮನುಷ್ಯರಿಗೂ ಅಪಾಯವೆಂಬ ಭೀತಿ ಹಬ್ಬಿದಾಗ ಫ್ರಾಂಕ್ ಫೆನರ್, ಮ್ಯಾಕ್‌ಫರ್ಲೇನ್ ಬರ್ನೆಟ್, ಇಯಾನ್ ಕ್ಲೂನೀಸ್ ರಾಸ್ ಎಂಬ ಮೂವರು 1951ರಲ್ಲಿ ಆ ವಿಷಾಣುವನ್ನು ತಮಗೇ ಚುಚ್ಚಿಕೊಂಡು ಏನೂ ಆಗದೆಂದು ತೋರಿಸಿದರು.

ಗೂಡಿಗೆ ಸೊಳ್ಳೆಪರದೆ ಬೇಕೇ ಬೇಕು. ಆದರೆ ಸಣ್ಣ ಕಣ್ಣಿನ ಬಲೆ ಗಾಳಿಯನ್ನೂ ತಡೆಯುತ್ತದೆ. ಹಗಲಿರುಳು ಕಟ್ಟಿದರೆ ಸೊಳ್ಳೆಯಿಂದ ಉಳಿದ ಮೊಲ ಸೆಕೆಯಿಂದ ಸಾಯಬಹುದು. ಮುಸ್ಸಂಜೆಗೆ ಇಳಿಸಿ, ಬೆಳಗಾದೊಡನೆ ಎತ್ತುವುದು ನಮ್ಮ ರೂಢಿ. ಹಗಲು ಕಚ್ಚುವ ಪಟ್ಟೆಸೊಳ್ಳೆ ಇದ್ದಲ್ಲಿ ಬಲೆಯನ್ನು ಗೂಡಿನಿಂದ ಒಂದು ಮೊಳ ದೂರದಲ್ಲಿ, ದೊಡ್ಡ ಚೌಕಟ್ಟಿಗೆ ಕಟ್ಟಬೇಕು. ಬಲೆಯ ಹರವು ಹೆಚ್ಚಿದಷ್ಟೂ ಒಳಗೆ ಬರುವ ಗಾಳಿಯ ಮೊತ್ತವೂ ಹೆಚ್ಚುತ್ತದೆ. ದನದ ಕೊಟ್ಟಿಗೆಯಲ್ಲಿ ಹಾಕುವಂತೆ ಬೇವಿನ ಸೊಪ್ಪಿನ ಹೊಗೆ ಹಾಕುವುದು, ಸೊಳ್ಳೆಬತ್ತಿ ಉರಿಸುವುದು ಸಲ್ಲದು. ಮೂಗಿನಿಂದಲೇ ಉಸಿರಾಡುವ ಪ್ರಾಣಿಗೆ ಹೊಗೆ ಸೊಳ್ಳೆಗಿಂತ ಕೆಟ್ಟದ್ದು. ನಾಯಿಗೆ ಹಚ್ಚುವ ಫಿಪ್ರೊನಿಲ್ ಔಷಧವನ್ನಂತೂ ಮೊಲಕ್ಕೆ ಮುಟ್ಟಿಸಲೇಬಾರದು.

ಇಷ್ಟಕ್ಕೂ ಗೋಣಿತಟ್ಟನ್ನು ಯಾವ ದಿನ ಕಟ್ಟಬೇಕು, ಯಾವ ದಿನ ಬಿಚ್ಚಬೇಕು? ಪಂಚಾಂಗ ಇದನ್ನು ಹೇಳದು. ಒಂದೇ ಬಗೆಯ ಎರಡು ಉಷ್ಣಮಾಪಕಗಳನ್ನು ಗೂಡಿನ ನೆರಳಿನಲ್ಲಿ ತೂಗುಹಾಕಿ. ಒಂದರ ಬುಡಕ್ಕೆ ತೆಳುವಾದ ಹತ್ತಿಬಟ್ಟೆ ಸುತ್ತಿ, ಅದರ ತುದಿ ಚಿಕ್ಕ ಶೀಸೆಯ ನೀರಿನಲ್ಲಿರಲಿ. ಶೀಸೆಯ ಬಾಯಿ ಕಿರಿದಾಗಿರಲಿ, ಇಲ್ಲದಿದ್ದರೆ ಅಲ್ಲಿಯೂ ಸೊಳ್ಳೆ ಮೊಟ್ಟೆಯಿಟ್ಟೀತು. ಐದು ನಿಮಿಷ ಬೀಸಣಿಗೆಯಿಂದ ಗಾಳಿ ಹಾಕಿ ಎರಡನ್ನೂ ಓದಿ, ವ್ಯತ್ಯಾಸವನ್ನು ಬರೆದಿಡಿ. ವ್ಯತ್ಯಾಸ ಹತ್ತು ಡಿಗ್ರಿಗಿಂತ ಹೆಚ್ಚಿದ್ದರೆ ನೀರು ಚಿಮುಕಿಸಿ. ಐದಕ್ಕಿಂತ ಕಡಿಮೆಯಾದರೆ ಗೋಣಿತಟ್ಟನ್ನು ಬಿಚ್ಚಿ ಪಂಕವನ್ನು ಹಚ್ಚಿ. ನಡುವೆ ಇದ್ದಾಗ ಮೊಲವನ್ನು ನೋಡಿ: ಅದು ಒದ್ದೆ ಹರವಿಯೊಳಗೆ ಮಲಗಿದೆಯೋ, ಹೊರಗೆ ಗಾಳಿಗೆ ಮೈಯೊಡ್ಡಿದೆಯೋ ಎಂಬುದನ್ನೂ ಅದೇ ಪುಟದಲ್ಲಿ ಬರೆಯಿರಿ. ಮಾರ್ಚಿಯಿಂದ ಜುಲೈವರೆಗೆ ದಿನಕ್ಕೊಂದು ಸಾಲಿನಂತೆ ನೂರೈವತ್ತು ಸಾಲುಗಳಾಗುತ್ತವೆ.