ಹಳೆ ಮೇಣದ ಲೆಕ್ಕ

ಜೇನು ಸಾಕುವವರ ಖರ್ಚಿನ ಪುಸ್ತಕದಲ್ಲಿ ಪೆಟ್ಟಿಗೆ, ಹುಳ, ಸಕ್ಕರೆ, ಸಾಗಾಟ ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ನಾವು ಶೀಟು ಅನ್ನುವ ತೆಳ್ಳನೆಯ ಮೇಣದ ಹಾಳೆ ಮಾತ್ರ ಚಿಲ್ಲರೆ ಖರ್ಚಿನಲ್ಲಿ ಸೇರಿಹೋಗುತ್ತದೆ. ಶಹಾಪುರದ ಹತ್ತಿರ ತೊಗರಿ ಹೊಲದ ಬದುವಿನಲ್ಲಿ ಪೆಟ್ಟಿಗೆ ಇಟ್ಟುಕೊಂಡಿರುವ ನನ್ನ ಅನುಭವದಲ್ಲಿ, ಲಾಭ ಉಳಿಯುವುದೂ ಸೋರುವುದೂ ಆ ಚಿಲ್ಲರೆಯಲ್ಲೇ.

ಸುರಪುರದ ಕಡೆಯ ಹುಡುಗನೊಬ್ಬ ಈಚೆಗೆ ಕೇಳಿದ: "ಅಣ್ಣಾ, ಹ್ವಾದ ವರ್ಷದ ಶೀಟ್ ಹಂಗೇ ಉಳದಾವ್ರಿ. ಹಾಕಿದ್ರ ನಡಿತದೇನ್ರಿ?"

"ನಡಿತದಪಾ. ಖರೇ ಹುಳ ಮುಟ್ಟಿದ್ದೋ, ಮುಟ್ಟದ್ದೋ?"

ಹುಳ ಮುಟ್ಟದ ಶೀಟಾದರೆ ಚಿಂತೆಯೇ ಇಲ್ಲ. ವರ್ಷ ಕಳೆದರೆ ಅದರ ಮೇಲೆ ಬಿಳಿ ಪುಡಿ ಕೂರುತ್ತದೆ. ಬೂಸ್ಟು ಎಂದು ಎಸೆಯುವವರಿದ್ದಾರೆ. ಅದು ಮೇಣದ್ದೇ ಪುಡಿ. ಮುಂಜಾನೆಯ ಎಳೆ ಬಿಸಿಲಿಗೆ ಸ್ವಲ್ಪ ಹೊತ್ತು ಹಿಡಿದರೆ ಪುಡಿ ಕರಗಿ, ವಾಸನೆ ಮರಳಿ, ಹುಳ ಒಪ್ಪಿಕೊಳ್ಳುತ್ತದೆ. ಮೇಣ ಕರಗುವುದು 62ರಿಂದ 64 ಡಿಗ್ರಿಗೆ. ಆದರೆ ಯಾದಗಿರಿಯ ಬೇಸಿಗೆ 40 ದಾಟಿದಾಗಲೇ ಅದು ಮೆತ್ತಗಾಗಿ ಬಾಗುತ್ತದೆ, ತಗಡಿನ ಶೆಡ್ಡಿನಲ್ಲಂತೂ ಕೇಳುವುದೇ ಬೇಡ. ಹಳೆಯ ಮಣ್ಣಿನ ಮಾಳಿಗೆ ಮನೆಯಿದ್ದರೆ, ಶೀಟುಗಳನ್ನು ಪೇಪರಿನಲ್ಲಿ ಸುತ್ತಿ ಅದರ ಒಳಕೋಣೆಯಲ್ಲಿಡಿ. ಪ್ಯಾರಾಫಿನ್ ಬೆರೆಸಿದ ಅಗ್ಗದ ಶೀಟು ನಮ್ಮ ಬಿಸಿಲಿಗೆ ಜೋತುಬೀಳುತ್ತದೆ. ಹುಳ ಎರಿ ಕಟ್ಟಿ ತುಪ್ಪ ತುಂಬಿದ ಮೇಲೆ ಬಿದ್ದರೆ ಹಾಳೆಯ ದುಡ್ಡಿನ ಜೊತೆ ತುಪ್ಪವೂ ಹೋಯಿತು. ಬೇರೆಯವರ ಹತ್ತಿರ ಉಳಿದದ್ದನ್ನು ಕೊಳ್ಳುವಾಗ ಜಾತಿಯನ್ನೂ ನೋಡಬೇಕು. ತುಡುವೆಯ ಕಣ ಸಣ್ಣದು, ಮೆಲ್ಲಿಫೆರಾ ಶೀಟು ಅದಕ್ಕೆ ಒಗ್ಗುವುದಿಲ್ಲ.

ನಿಜವಾದ ಬಂಡವಾಳ ಇರುವುದು ಹುಳ ಕಟ್ಟಿ ಮುಗಿಸಿದ ಎರಿಯಲ್ಲಿ. ಒಂದು ಕಿಲೋ ಮೇಣ ಸುರಿಸಲು ಹುಳಗಳು ಆರರಿಂದ ಎಂಟು ಕಿಲೋ ಜೇನುತುಪ್ಪ ತಿನ್ನುತ್ತವೆ ಎಂಬುದು ಬಲ್ಲವರ ಅಂದಾಜು. ಆ ದುಡಿಮೆ ತಗ್ಗಲಿ, ಎರಿ ನೆಟ್ಟಗೆ ಬರಲಿ ಎಂದೇ ನಾವು ಶೀಟು ಕೊಡುವುದು. 1857ರಲ್ಲಿ ಜರ್ಮನಿಯ ಯೊಹಾನೆಸ್ ಮೆರಿಂಗ್ ಅದಕ್ಕೆ ಮೊದಲ ಅಚ್ಚು ಮಾಡಿದ. ಶೀಟು ಕೊಟ್ಟ ಮೇಲೂ ಹತ್ತು ಫ್ರೇಮಿನ ಒಂದು ಕೋಣೆಗೆ ಹುಳಗಳು ತಮ್ಮ ಕಡೆಯಿಂದ ಕಾಲು ಕಿಲೋ ಮೇಣ ಸೇರಿಸುತ್ತವೆ, ತುಪ್ಪದ ಬೆಲೆ ಕಿಲೋಗೆ 300 ರೂಪಾಯಿ ಎಂದು ಹಿಡಿಯಿರಿ. ನಾನೂರೈವತ್ತರಿಂದ ಆರುನೂರು ರೂಪಾಯಿಯ ತುಪ್ಪ ಗೋಡೆ ಕಟ್ಟಲಿಕ್ಕೇ ಹೋಯಿತು. ಅದಕ್ಕಿಂತ ದೊಡ್ಡ ನಷ್ಟ ದಿನಗಳದ್ದು. ತೊಗರಿ ಹೂ ನಮಗಾಗಿ ಕಾಯುವುದಿಲ್ಲ; ಹೂವಿನ ಹೊತ್ತಿಗೆ ಖಾಲಿ ಎರಿ ಸಿದ್ಧವಿದ್ದ ಪೆಟ್ಟಿಗೆಗೆ ತುಪ್ಪ ನೇರ ಇಳಿಯುತ್ತದೆ. ಅದಕ್ಕೇ ನಾನು ತುಪ್ಪದ ಕೋಣೆಯ ಎರಿಯನ್ನು ಒಡೆಯುವುದಿಲ್ಲ. ಯಂತ್ರದಲ್ಲಿ ತಿರುಗಿಸಿ, ಹುಳಗಳಿಗೇ ನೆಕ್ಕಲು ಕೊಟ್ಟು, ಗಂಧಕದ ಹೊಗೆ ಹಾಕಿ ಮುಚ್ಚಿಡುತ್ತೇನೆ. ಹೊಗೆಗೆ ಮೇಣದ ಪತಂಗದ ಮೊಟ್ಟೆ ಸಾಯುವುದಿಲ್ಲ, ಹಾಗಾಗಿ ಒಂದೆರಡು ವಾರ ಬಿಟ್ಟು ಮತ್ತೊಮ್ಮೆ ಹಾಕಬೇಕು.

ಮರಿ ಬೆಳೆಸುವ ಕೋಣೆಯ ಎರಿಗೆ ಈ ಲೆಕ್ಕ ಹೊಂದುವುದಿಲ್ಲ. ಪ್ರತಿ ಮರಿಯೂ ಕಣದೊಳಗೆ ತನ್ನ ಗೂಡಿನ ಪೊರೆ ಬಿಟ್ಟು ಹೋಗುವುದರಿಂದ ಕಣ ಕಿರಿದಾಗುತ್ತದೆ, ಎರಿ ಕಪ್ಪಗಾಗುತ್ತದೆ, ಪತಂಗಕ್ಕೆ ಹಬ್ಬವಾಗುತ್ತದೆ. ಜೊತೆಗೆ ನಮ್ಮದು ಹತ್ತಿ, ತೊಗರಿಯ ಸೀಮೆ. ಕಾಯಿಕೊರಕಕ್ಕೆಂದು ಎಣ್ಣೆ ಹೊಡೆಯದ ಹೊಲ ಸಿಗುವುದು ಕಷ್ಟ. ಕ್ಲೋರ್‌ಪೈರಿಫಾಸ್, ಸೈಪರ್‌ಮೆಥ್ರಿನ್‌ನಂಥ ಔಷಧಗಳು ಕೊಬ್ಬಿನಲ್ಲಿ ಕರಗುವಂಥವು, ಮೇಣ ಅವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಕಾಸಿ ಸೋಸಿದರೆ ಕಸ ಹೋಗುತ್ತದೆಯೇ ಹೊರತು ವಿಷ ಹೋಗುವುದಿಲ್ಲ. ಎರಡು ಮೂರು ವರ್ಷ ದಾಟಿದ ಮರಿ ಎರಿಯನ್ನು ಉಳಿಸಿದವರು ಶೀಟಿನ ಕಾಸು ಉಳಿಸಿ ಹುಟ್ಟನ್ನೇ ಕಳೆದುಕೊಳ್ಳುತ್ತಾರೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಹಾಗೆಂದು ಅದನ್ನು ತಿಪ್ಪೆಗೆ ಹಾಕಬೇಕಿಲ್ಲ. ಗೋಣಿಚೀಲದಲ್ಲಿ ಕಟ್ಟಿ ನೀರಿನಲ್ಲಿ ಕಾಸಿದರೆ ಮೇಣ ಮೇಲೆ ತೇಲುತ್ತದೆ. ಕಬ್ಬಿಣದ ಪಾತ್ರೆಯಾದರೆ ಬಣ್ಣ ಕೆಡುತ್ತದೆ. ಮೇಣ ಕೊಟ್ಟರೆ ಕೂಲಿ ಹಿಡಿದು ಶೀಟು ಕೊಡುವ ತಯಾರಕರಿದ್ದಾರೆ, ಒಳ್ಳೆಯ ವ್ಯವಹಾರ. ಆದರೆ ಅವರಿಗೆ ನಾನು ಕೊಡುವುದು ತುಪ್ಪ ತೆಗೆಯುವಾಗ ಕೊಯ್ದ ಮುಚ್ಚಳದ ಬಿಳಿ ಮೇಣ ಮಾತ್ರ. ಕಪ್ಪು ಎರಿಯ ಮೇಣಕ್ಕೆ ಬೇರೆ ಡಬ್ಬಿ. ಅದು ಮೇಣದಬತ್ತಿಗೆ, ಮರದ ಪಾಲಿಶ್‌ಗೆ ಹೋಗುತ್ತದೆ. ಎರಡನ್ನೂ ಬೆರೆಸಿ ಕೊಟ್ಟರೆ ನಮ್ಮ ಹೊಲದ ವಿಷ ಹೊಸ ಶೀಟಾಗಿ ಇನ್ನೊಬ್ಬರ ಪೆಟ್ಟಿಗೆ ಸೇರುತ್ತದೆ. ಮರಿ ಕೊಳೆತು ನಾರುವ ಎರಿಯನ್ನು ಮಾತ್ರ ಕರಗಿಸಲೂ ಬಾರದು. ಅಮೆರಿಕನ್ ಫೌಲ್‌ಬ್ರೂಡ್ ರೋಗದ ಬೀಜಾಣುಗಳು ಕುದಿಸಿದರೂ ಸಾಯುವುದಿಲ್ಲ, ದಶಕಗಳ ಕಾಲ ಬದುಕುತ್ತವೆ. ಗುಮಾನಿ ಬಂದರೆ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲೋ ವಿಚಾರಿಸಿ, ರೋಗ ಖಚಿತವಾದರೆ ಫ್ರೇಮ್ ಸಮೇತ ಸುಟ್ಟುಬಿಡಿ.

ಆ ಹುಡುಗನಿಗೆ ಕೊನೆಗೆ ಒಂದು ಬಣ್ಣದ ಡಬ್ಬಿ ತರಲು ಹೇಳಿದೆ. ಪ್ರತಿ ಫ್ರೇಮಿನ ಮೇಲ್ಪಟ್ಟಿಗೆ ಶೀಟು ಹಾಕಿದ ಇಸವಿ ಬರೆಯಬೇಕು. 2023 ಎಂದು ಬರೆದವು ಮರಿಕೋಣೆಯಲ್ಲಿದ್ದರೆ ಈ ಸಲ ಅಂಚಿಗೆ ಸರಿಯಬೇಕು. ಮರಿಗಳೆಲ್ಲ ಹೊರಬಿದ್ದ ಮೇಲೆ ಅವನ್ನು ತೆಗೆದು, ನಡುವೆ ತಂತಿ ಬಿಗಿದ ಹೊಸ ಶೀಟನ್ನು ಸಂಜೆಯ ತಂಪಿನಲ್ಲಿ ಇಳಿಸಬೇಕು.